ಕಣ್ಣು ಕಾಣುವ ಬಗೆ

ಬೆಳಗಾದೊಡನೆ ಮನುಷ್ಯ ಕಣ್ಣು ತೆರೆಯುತ್ತಾನೆ. ತೆರೆದೊಡನೆ ಬಣ್ಣಬಣ್ಣದ ಜಗತ್ತು ಅವನ ಎದುರಿಗೆ ನಿಲ್ಲುತ್ತದೆ. ಶಿವಮೊಗ್ಗದ ವಿನೋಬನಗರದ ಮನೆಯಂಗಳದಲ್ಲಿ ಅರಳಿದ ದಾಸವಾಳವಾಗಲಿ, ಬೆಂಗಳೂರಿನ ಲಾಲ್‌ಬಾಗಿನ ಗುಲಾಬಿಯಾಗಲಿ ನೋಡಿದವರಿಗೆ ಕೆಂಪಾಗಿಯೇ ತೋರುತ್ತದೆ. ಹೂವು ಏಕೆ ಕೆಂಪು ಎಂದು ಕೇಳುವವರು ಕೆಲವರು ಮಾತ್ರ. ಆ ಕೆಂಪನ್ನು ಕಣ್ಣು ಹೇಗೆ ಅರಿಯುತ್ತದೆ ಎಂದು ಕೇಳುವವರು ಇನ್ನೂ ವಿರಳ. ದಿನವೂ ನಡೆಯುವ ಕ್ರಿಯೆಯಲ್ಲಿ ಅಚ್ಚರಿಯನ್ನು ಕಾಣುವುದು ಎಲ್ಲರಿಗೂ ಸಾಧ್ಯವಾಗುವ ಸಂಗತಿಯಲ್ಲ.

ಜೀವಿಗಳ ದೇಹವನ್ನು ಎರಡು ಬಗೆಯಾಗಿ ಅಭ್ಯಸಿಸಬಹುದು. ದೇಹದ ಭಾಗಗಳು ಯಾವುವು, ಅವು ಎಲ್ಲಿವೆ, ಅವುಗಳ ಆಕಾರವೇನು ಎಂಬುದನ್ನು ಅಂಗರಚನಾಶಾಸ್ತ್ರ ತಿಳಿಸುತ್ತದೆ. ಆ ಭಾಗಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಶರೀರಕ್ರಿಯಾಶಾಸ್ತ್ರ ವಿವರಿಸುತ್ತದೆ. ಹೃದಯ ರಕ್ತವನ್ನು ಹೇಗೆ ಒತ್ತುತ್ತದೆ, ಶ್ವಾಸಕೋಶ ಗಾಳಿಯಿಂದ ಆಮ್ಲಜನಕವನ್ನು ಹೇಗೆ ಪಡೆಯುತ್ತದೆ, ನರಗಳು ಸುದ್ದಿಯನ್ನು ಹೇಗೆ ಸಾಗಿಸುತ್ತವೆ, ಕಣ್ಣು ಹೇಗೆ ಕಾಣುತ್ತದೆ, ಕಿವಿ ಹೇಗೆ ಕೇಳುತ್ತದೆ ಎಂಬ ಪ್ರಶ್ನೆಗಳೆಲ್ಲ ಈ ಶಾಸ್ತ್ರಕ್ಕೆ ಸೇರಿದವು. ಇವುಗಳಲ್ಲಿ ಕಡೆಯ ಎರಡು ಪ್ರಶ್ನೆಗಳ ಬೆನ್ನು ಹತ್ತಿ ತಮ್ಮ ಇಳಿವಯಸ್ಸನ್ನು ಕಳೆದವರು ವೈದ್ಯರಲ್ಲ, ಭೌತವಿಜ್ಞಾನಿ. ಅವರೇ ಬೆಳಕಿನ ಮೇಲಣ ಸಂಶೋಧನೆಗಾಗಿ ಲೋಕವಿಖ್ಯಾತರಾದ ಚಂದ್ರಶೇಖರ ವೆಂಕಟರಾಮನ್.

ರಾಮನ್ 1888ನೆಯ ಇಸವಿ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲ್‌ನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಮಗು ನಾಲ್ಕು ವರ್ಷದ್ದಾಗಿದ್ದಾಗ ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕ ವೃತ್ತಿ ದೊರೆಯಿತು. ಕಡಲ ತಡಿಯ ಆ ಊರಿನಲ್ಲಿ ರಾಮನ್ ಬೆಳೆದರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆ ಇರಲಿಲ್ಲ. ತಂದೆಗೆ ಸಂಗೀತದಲ್ಲಿಯೂ ಆಸಕ್ತಿ ಇತ್ತು. ಬಾಲಕ ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, 1904ರಲ್ಲಿ ಚಿನ್ನದ ಪದಕದೊಡನೆ ಬಿ.ಎ. ಪದವಿಯನ್ನು ಪಡೆದನು.

ವಿದ್ಯಾರ್ಥಿದೆಸೆಯಲ್ಲಿ ರಾಮನ್ನರ ಕೈಗೆ ದೊರೆತ ಗ್ರಂಥವೊಂದು ಅವರ ಮನಸ್ಸಿನ ಮೇಲೆ ಅಳಿಯದ ಮುದ್ರೆಯನ್ನು ಒತ್ತಿತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿ ಸ್ವರಸಂವೇದನೆಯನ್ನು ಕುರಿತು 1863ರಲ್ಲಿ ಪ್ರಕಟಿಸಿದ ಗ್ರಂಥದ ಇಂಗ್ಲಿಷ್ ಅನುವಾದ ಅದು. ತಮ್ಮ ಮೇಲೆ ಅತ್ಯಂತ ಪ್ರಭಾವ ಬೀರಿದ ಪುಸ್ತಕಗಳು ಯಾವುವೆಂದು ಮುಂದೆ ಬರೆಯುವಾಗ ರಾಮನ್ ಹೆಸರಿಸಿದ ಮೂರರಲ್ಲಿ ಇದೂ ಒಂದು. ಉಳಿದವು ಬುದ್ಧನ ಚರಿತೆಯನ್ನು ಹೇಳುವ ಒಂದು ಕಾವ್ಯ ಮತ್ತು ಯೂಕ್ಲಿಡ್‌ನ ರೇಖಾಗಣಿತ.

ಹೆಲ್ಮ್‌ಹೋಲ್ಟ್ಸ್ ಮೊದಲು ಓದಿದ್ದು ವೈದ್ಯಶಾಸ್ತ್ರವನ್ನು. ನರಗಳಲ್ಲಿ ಸುದ್ದಿ ಕ್ಷಣಾರ್ಧವೂ ಹಿಡಿಯದೆ ಹಾಯುತ್ತದೆ, ಅದರ ವೇಗವನ್ನು ಅಳೆಯುವುದು ಅಸಾಧ್ಯ ಎಂದು ಆ ಕಾಲದ ಪಂಡಿತರು ನಂಬಿದ್ದರು. ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಬಳಸಿ ಆ ವೇಗವನ್ನು ಅಳೆದೇ ತೋರಿಸಿದರು. ಅದು ಸೆಕೆಂಡಿಗೆ ಸುಮಾರು 27 ಮೀಟರು ಮಾತ್ರ! ಕಣ್ಣಿನ ಒಳಭಾಗವನ್ನು ನೋಡಲು ವೈದ್ಯರು ಬಳಸುವ ನೇತ್ರದರ್ಶಕ ಯಂತ್ರವನ್ನು 1851ರಲ್ಲಿ ಲೋಕಕ್ಕೆ ಕೊಟ್ಟವರೂ ಅವರೇ. ಜೀವಂತ ದೇಹವೂ ಅಳತೆಗೆ ಸಿಕ್ಕುವ ವಸ್ತು, ಭೌತಶಾಸ್ತ್ರದ ನಿಯಮಗಳು ಕಣ್ಣು ಕಿವಿಗಳೊಳಗೂ ನಡೆಯುತ್ತವೆ ಎಂಬುದು ಅವರ ಬರೆಹಗಳ ತಿರುಳು. ತರುಣ ರಾಮನ್ನರಿಗೆ ಈ ಗ್ರಂಥಕರ್ತರು ಕಾಣದ ಗುರುವಾದರು.

1906ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ರಾಮನ್ನರ ಮೊದಲ ಸಂಶೋಧನ ಲೇಖನ ಲಂಡನ್ನಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೆಚ್ಚಿನ ವ್ಯಾಸಂಗಕ್ಕಾಗಿ ಅವರು ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಆದರೆ ಕೃಶಶರೀರಿಯಾದ ಈ ತರುಣ ಅಲ್ಲಿಯ ಚಳಿಯನ್ನು ತಾಳಲಾರನೆಂದು ವೈದ್ಯರು ತಡೆದರು. ಭಾರತದಲ್ಲಿ ಆಗ ವಿಜ್ಞಾನವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವ ದಾರಿಗಳಿರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಸ್ಪರ್ಧಾಪರೀಕ್ಷೆಗೆ ಕುಳಿತು ಪ್ರಥಮ ಸ್ಥಾನ ಗಳಿಸಿದರು. 1907ರಲ್ಲಿ ಲೋಕಸುಂದರಿಯವರನ್ನು ವಿವಾಹವಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ತೆರಳಿದರು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನಾಭಿವೃದ್ಧಿ ಸಂಘವೆಂಬ ಸಂಸ್ಥೆ ಇತ್ತು. ಮಹೇಂದ್ರಲಾಲ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಅದನ್ನು ಸ್ಥಾಪಿಸಿದ್ದರು. ಕಟ್ಟಡವಿತ್ತು, ಉಪಕರಣಗಳಿದ್ದವು, ಸಂಶೋಧನೆ ಮಾಡುವವರು ಮಾತ್ರ ಇರಲಿಲ್ಲ. ರಾಮನ್ ಅಲ್ಲಿಗೆ ಹೋಗಿ ಅನುಮತಿ ಬೇಡಿದರು. ಅಂದಿನಿಂದ ಅವರ ದಿನಚರಿ ಬದಲಾಯಿತು. ಬೆಳಗಿನ ಜಾವ ಪ್ರಯೋಗಶಾಲೆ. ಹಗಲೆಲ್ಲ ಕಚೇರಿಯ ಲೆಕ್ಕಪತ್ರ. ಸಂಜೆಯಿಂದ ಇರುಳಿನವರೆಗೆ ಮತ್ತೆ ಪ್ರಯೋಗಶಾಲೆ. ಹತ್ತು ವರ್ಷಗಳ ಕಾಲ ಈ ಇಬ್ಬಗೆಯ ಬಾಳು ಸಾಗಿತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗಲೂ ಸಂಶೋಧನೆ ನಿಲ್ಲಲಿಲ್ಲ.

ಆ ವರ್ಷಗಳಲ್ಲಿ ರಾಮನ್ನರ ಮನಸ್ಸನ್ನು ಸೆಳೆದುದು ನಾದ. ಹೆಲ್ಮ್‌ಹೋಲ್ಟ್ಸ್ ಪಾಶ್ಚಾತ್ಯ ವಾದ್ಯಗಳನ್ನು ಪರಿಶೀಲಿಸಿದ್ದರು. ರಾಮನ್ ಪಿಟೀಲಿನ ಜೊತೆಗೆ ವೀಣೆ, ತಂಬೂರಿ, ಮೃದಂಗ, ತಬಲಗಳನ್ನೂ ಕೈಗೆತ್ತಿಕೊಂಡರು. ಸಾಮಾನ್ಯವಾದ ಚರ್ಮವಾದ್ಯವನ್ನು ಬಡಿದರೆ ಬರುವ ಸದ್ದಿನಲ್ಲಿ ಶ್ರುತಿ ಇರುವುದಿಲ್ಲ. ಏಕೆಂದರೆ ಚರ್ಮದ ಬೇರೆ ಬೇರೆ ಕಂಪನಗಳಿಂದ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಆ ಕಂಪನಗಳನ್ನು ತಿದ್ದಿ, ಅವು ಒಂದೇ ಶ್ರುತಿಗೆ ಹೊಂದಿಕೊಳ್ಳುವಂತೆ ಮಾಡುತ್ತದೆ ಎಂಬುದನ್ನು ರಾಮನ್ ಪ್ರಯೋಗದಿಂದ ತೋರಿಸಿದರು. ಹೆಸರು ಹೇಳದೆ ಮರೆಯಾಗಿ ಹೋದ ನಮ್ಮ ಪೂರ್ವಿಕ ಕುಶಲಕರ್ಮಿಗಳು ಕಿವಿಯೊಂದನ್ನೇ ನೆಚ್ಚಿ ಎಂಥ ಸೂಕ್ಷ್ಮವನ್ನು ಸಾಧಿಸಿದ್ದರು ಎಂಬುದು ಇದರಿಂದ ಲೋಕಕ್ಕೆ ತಿಳಿಯಿತು.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ರಾಮನ್ನರನ್ನು ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಕರೆಯಿತು. ಅಲ್ಲಿಯ ವೇತನ ಸರ್ಕಾರಿ ಹುದ್ದೆಯ ವೇತನಕ್ಕಿಂತ ಬಹಳ ಕಡಿಮೆ. ರಾಮನ್ ಹಿಂದುಮುಂದು ನೋಡದೆ ಹುದ್ದೆಯನ್ನು ತೊರೆದು ಬಂದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರ ಕಣ್ಣನ್ನು ಹಿಡಿದು ನಿಲ್ಲಿಸಿತು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದರಿಂದ ಕಡಲು ನೀಲಿಯಾಗಿ ಕಾಣುತ್ತದೆ ಎಂದು ಆಗ ದೊಡ್ಡ ವಿದ್ವಾಂಸರೂ ನಂಬಿದ್ದರು. ರಾಮನ್ ತಮ್ಮ ಬಳಿಯಿದ್ದ ಚಿಕ್ಕ ಸ್ಫಟಿಕೋಪಕರಣದ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ಮರೆಮಾಡಿ ನೋಡಿದರು. ನೀಲಿ ಮಾಸಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂದು ಅವರು ತೀರ್ಮಾನಿಸಿದರು.

ಈ ಎಳೆಯನ್ನು ಹಿಡಿದು ಏಳು ವರ್ಷ ದುಡಿದುದರ ಫಲವಾಗಿ 1928ರ ಫೆಬ್ರವರಿ 28ರಂದು ಹೊಸ ಸತ್ಯವೊಂದು ಬೆಳಕಿಗೆ ಬಂದಿತು. ಒಂದೇ ಬಣ್ಣದ ಬೆಳಕನ್ನು ಪಾರದರ್ಶಕ ವಸ್ತುವಿನೊಳಗೆ ಹಾಯಿಸಿದಾಗ ಚದರಿದ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಆದರೆ ಅತ್ಯಲ್ಪ ಭಾಗ ಬಣ್ಣವನ್ನು ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬದಲಾಗಿದೆ ಎಂಬುದರಿಂದ ವಸ್ತುವಿನ ಅಣುಗಳ ಸ್ವರೂಪವನ್ನು ಅರಿಯಬಹುದು. ಇದೇ ರಾಮನ್ ಪರಿಣಾಮ. ಈ ಕಾರ್ಯದಲ್ಲಿ ಅವರ ಶಿಷ್ಯ ಕೆ. ಎಸ್. ಕೃಷ್ಣನ್ ಹೆಗಲೆಣೆಯಾಗಿ ದುಡಿದರು. 1930ರಲ್ಲಿ ರಾಮನ್ನರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ವಿಜ್ಞಾನದಲ್ಲಿ ಆ ಗೌರವವನ್ನು ಪಡೆದ ಏಷ್ಯ ಖಂಡದ ಮೊದಲಿಗರು ಅವರು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದರು. ಆ ಪದವಿಗೆ ಬಂದ ಮೊದಲ ಭಾರತೀಯರೂ ಅವರೇ. ಮುಂದಿನ ವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಿದಾಗ 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು, ಪ್ರಾಧ್ಯಾಪಕರಾಗಿ ಅಲ್ಲಿಯೇ ಮುಂದುವರಿದರು. ಅವರ ಬಳಿ ಕಲಿತವರಲ್ಲಿ ವಿಕ್ರಮ್ ಸಾರಾಭಾಯಿ ಒಬ್ಬರು. ಚರ್ಮ ಮೂಳೆಗಳಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಮುಪ್ಪುರಿ ರಚನೆಯನ್ನು ಮುಂದೆ ಕಂಡುಹಿಡಿದ ಜಿ. ಎನ್. ರಾಮಚಂದ್ರನ್ ಮತ್ತೊಬ್ಬರು.

1948ರಲ್ಲಿ ಅರುವತ್ತು ವರ್ಷ ತುಂಬಿ ನಿವೃತ್ತರಾದಾಗ ರಾಮನ್ ವಿಶ್ರಾಂತಿಯನ್ನು ಬಯಸಲಿಲ್ಲ. ಮೈಸೂರು ಸರ್ಕಾರ ಹಿಂದೆಯೇ ನೀಡಿದ್ದ ಜಮೀನಿನಲ್ಲಿ, ಊರೂರು ಸುತ್ತಿ ದಾನಿಗಳಿಂದ ಕೂಡಿಸಿದ ಹಣದಿಂದ, ರಾಮನ್ ಸಂಶೋಧನ ಮಂದಿರ ತಲೆಯೆತ್ತಿತು. ಸುತ್ತಲೂ ಗಿಡಮರಗಳನ್ನೂ ಗುಲಾಬಿಯ ತೋಟವನ್ನೂ ಬೆಳೆಸಿದರು. ಒಳಗೆ ಹರಳುಗಳು, ಕಪ್ಪೆಚಿಪ್ಪುಗಳು, ಚಿಟ್ಟೆಗಳು ತುಂಬಿದ ಸಂಗ್ರಹಾಲಯವನ್ನು ಸಜ್ಜುಗೊಳಿಸಿದರು. 1954ರಲ್ಲಿ ರಾಷ್ಟ್ರ ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ಕೀರ್ತಿಯ ಶಿಖರವನ್ನು ಮುಟ್ಟಿದ ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ತೃಪ್ತರಾಗುತ್ತಿದ್ದರು.

ಆದರೆ ರಾಮನ್ನರ ಮುಂದೆ ಹಳೆಯ ಪ್ರಶ್ನೆಯೊಂದು ಹೊಸದಾಗಿ ಎದ್ದು ನಿಂತಿತು. ಜೀವಮಾನವಿಡೀ ಅವರು ಬೆಳಕನ್ನು ಅಭ್ಯಸಿಸಿದ್ದರು. ಹರಳಿನ ಹೊಳಪನ್ನು, ಮುತ್ತಿನ ಕಾಂತಿಯನ್ನು ಕಂಡಿದ್ದರು. ಇವೆಲ್ಲವನ್ನೂ ಕಂಡ ಕಣ್ಣೇ ಯಾವ ರೀತಿಯ ಉಪಕರಣ? ಅದು ಬಣ್ಣವನ್ನು ಹೇಗೆ ಗುರುತಿಸುತ್ತದೆ? ಎಪ್ಪತ್ತು ದಾಟಿದ ರಾಮನ್ ವಿದ್ಯಾರ್ಥಿಯಂತೆ ಈ ಹೊಸ ಶಾಸ್ತ್ರದ ಬಾಗಿಲನ್ನು ತಟ್ಟಿದರು.

ಅವರ ಪ್ರಯತ್ನವನ್ನು ಅರಿಯಬೇಕಾದರೆ ಕಣ್ಣಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಪಾಪೆಯ ಮೂಲಕ ಒಳಹೊಕ್ಕ ಬೆಳಕು ಮಸೂರವನ್ನು ಹಾದು ಕಣ್ಣಿನ ಹಿಂಬದಿಯ ಅಕ್ಷಿಪಟದ ಮೇಲೆ ಬೀಳುತ್ತದೆ. ಅಕ್ಷಿಪಟ ಕಾಗದದಂತೆ ತೆಳುವಾದ ಪದರ. ಅದರಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಕಡ್ಡಿಯಾಕಾರದ ಕೋಶಗಳು ಸುಮಾರು 12 ಕೋಟಿ. ಇವು ಮಬ್ಬು ಬೆಳಕಿನಲ್ಲಿ ಕೆಲಸ ಮಾಡುತ್ತವೆ, ಬಣ್ಣವನ್ನು ಅರಿಯಲಾರವು. ಶಂಕುವಿನ ಆಕಾರದ ಕೋಶಗಳು ಸುಮಾರು 60 ಲಕ್ಷ. ಹಗಲ ಬೆಳಕಿನಲ್ಲಿ ಬಣ್ಣವನ್ನು ಕಾಣಿಸುವುವು ಇವೇ. ಇರುಳು ಕವಿದಂತೆ ಹೂಗಳ ಬಣ್ಣ ಮಾಸಿ, ಎಲ್ಲವೂ ಬೂದು ಬಣ್ಣವಾಗಿ ತೋರುವುದಕ್ಕೆ ಇದೇ ಕಾರಣ. ಅಕ್ಷಿಪಟದ ನಡುವೆ ಒಂದು ಪುಟ್ಟ ತಗ್ಗಿದೆ. ಅಲ್ಲಿ ಶಂಕುಕೋಶಗಳು ಒತ್ತೊತ್ತಾಗಿ ಸೇರಿವೆ. ಅಕ್ಷರಗಳನ್ನು ಓದುವಾಗ, ಸೂಜಿಗೆ ದಾರ ಪೋಣಿಸುವಾಗ ನೆರವಾಗುವುದು ಆ ತಗ್ಗೇ.

ಕಾಮನಬಿಲ್ಲಿನಲ್ಲಿ ಅಸಂಖ್ಯ ಬಣ್ಣಗಳಿವೆ. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಕೋಶಗಳು ಇರಲಾರವೆಂದು ಇಂಗ್ಲೆಂಡಿನ ತಾಮಸ್ ಯಂಗ್ ಎಂಬ ವೈದ್ಯರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಾದಿಸಿದ್ದರು. ಮೂರು ಬಗೆಯ ಗ್ರಾಹಕಗಳಿದ್ದರೆ ಸಾಕು, ಅವುಗಳ ಪ್ರಚೋದನೆ ಹೆಚ್ಚುಕಡಿಮೆಯಾಗುವುದರಿಂದಲೇ ಎಲ್ಲ ಬಣ್ಣಗಳೂ ತೋರುತ್ತವೆ ಎಂಬುದು ಅವರ ಮತ. ಈ ಮತವನ್ನು ಬಲಪಡಿಸಿ ಬೆಳೆಸಿದವರು ಹೆಲ್ಮ್‌ಹೋಲ್ಟ್ಸ್. ಹೀಗೆ ರಾಮನ್ ತಮ್ಮ ಇಳಿವಯಸ್ಸಿನಲ್ಲಿ, ಎಳೆಯ ವಯಸ್ಸಿನ ಗುರುವನ್ನೇ ಮತ್ತೆ ಎದುರುಗೊಂಡರು. ಈ ಬಾರಿ ಶಿಷ್ಯನಾಗಿ ಅಲ್ಲ, ಪರೀಕ್ಷಕನಾಗಿ.

ರಾಮನ್ ಮೊದಲು ಹೂಗಳನ್ನು ಪರೀಕ್ಷಿಸಿದರು. ಹೂವಿನಿಂದ ಬರುವ ಬೆಳಕನ್ನು ರೋಹಿತದರ್ಶಕದಿಂದ ಬಿಡಿಸಿ ನೋಡಿದರು. ಕಣ್ಣಿಗೆ ಒಂದೇ ಬಣ್ಣವಾಗಿ ತೋರುವ ಹೂವಿನಿಂದ ಹಲವು ಬಣ್ಣಗಳ ಬೆಳಕು ಬರುತ್ತದೆ. ನೀಲಿಯಾಗಿ ತೋರುವ ಅನೇಕ ಹೂಗಳು ಕೆಂಪು ಬೆಳಕನ್ನೂ ಹೊರಸೂಸುತ್ತವೆ. ಹಾಗಿದ್ದರೂ ಕಣ್ಣು ಅವೆಲ್ಲವನ್ನೂ ಕೂಡಿಸಿ ಒಂದೇ ಬಣ್ಣವನ್ನಾಗಿ ಅರಿಯುತ್ತದೆ. ಬಣ್ಣವೆಂಬುದು ಹೂವಿನಲ್ಲಿ ಮಾತ್ರ ಇರುವುದಲ್ಲ, ನೋಡುವ ಕಣ್ಣಿನಲ್ಲಿಯೂ ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅನಂತರ ಅವರು ತಮ್ಮ ಕಣ್ಣನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. ಪ್ರಖರವಾಗಿ ಬೆಳಗಿದ ಬಿಳಿಯ ತೆರೆಯೊಂದರ ಮುಂದೆ ಕುಳಿತು, ಬಣ್ಣದ ಶೋಧಕವೊಂದನ್ನು ಕಣ್ಣಿಗೆ ಅಡ್ಡವಾಗಿ ಹಿಡಿಯುತ್ತಿದ್ದರು. ರೋಹಿತದ ಒಂದು ಭಾಗವನ್ನು ಮಾತ್ರ ಹೀರಿಕೊಂಡು, ಉಳಿದ ಬೆಳಕನ್ನೆಲ್ಲ ಬಿಟ್ಟುಕೊಡುವಂತೆ ಆ ಶೋಧಕವನ್ನು ಆಯ್ದಿರುತ್ತಿದ್ದರು. ಸ್ವಲ್ಪ ಹೊತ್ತು ಅದರ ಮೂಲಕ ತೆರೆಯನ್ನು ದಿಟ್ಟಿಸಿ, ಬಳಿಕ ಥಟ್ಟನೆ ಅದನ್ನು ತೆಗೆಯುತ್ತಿದ್ದರು. ಅಷ್ಟು ಹೊತ್ತು ಕಣ್ಣಿಗೆ ತಾಗದಿದ್ದ ಬಣ್ಣ ಆಗ ಒಮ್ಮೆಗೇ ಅಕ್ಷಿಪಟವನ್ನು ಮುಟ್ಟುತ್ತಿತ್ತು. ಆ ಕ್ಷಣದಲ್ಲಿ ತೆರೆಯ ಮೇಲೆ ಬಣ್ಣದ ಚಿತ್ರವೊಂದು ಮೂಡಿ, ಬಹುಬೇಗ ಮಾಯವಾಗುತ್ತಿತ್ತು. ಅದು ಬೇರೇನೂ ಅಲ್ಲ; ತಮ್ಮದೇ ಅಕ್ಷಿಪಟ ಹಿಗ್ಗಿದ ರೂಪದಲ್ಲಿ ತೆರೆಯ ಮೇಲೆ ತೋರಿದ ಚಿತ್ರವೆಂದು ರಾಮನ್ ವಿವರಿಸಿದರು. ನಡುವಿನ ತಗ್ಗಿನ ಭಾಗವೂ ಅದರಲ್ಲಿ ಕಾಣಿಸುತ್ತಿತ್ತು. ಶೋಧಕಗಳನ್ನು ಒಂದಾದ ಮೇಲೊಂದು ಬದಲಾಯಿಸುತ್ತ, ಯಾವ ಬಣ್ಣಕ್ಕೆ ಅಕ್ಷಿಪಟದ ಯಾವ ಭಾಗ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅವರು ಗುರುತು ಹಾಕಿಕೊಂಡರು. ಕೋಟ್ಯಂತರ ರೂಪಾಯಿಯ ಯಂತ್ರಗಳಿಲ್ಲದೆ, ಬಣ್ಣದ ತುಣುಕುಗಳನ್ನು ಹಿಡಿದು, ಮನುಷ್ಯ ತನ್ನ ಕಣ್ಣಿನ ಒಳಗನ್ನು ತಾನೇ ನೋಡಿಕೊಳ್ಳುವ ಉಪಾಯ ಇದು.

ಈ ಪ್ರಯೋಗಗಳಿಂದ ರಾಮನ್ ತಳೆದ ನಿಲುವು ಮಾತ್ರ ಧೀರವೂ ವಿವಾದಾಸ್ಪದವೂ ಆಗಿತ್ತು. ಕಣ್ಣಿನಲ್ಲಿ ಮೂರೇ ಬಗೆಯ ಬಣ್ಣದ ಗ್ರಾಹಕಗಳಿವೆ ಎಂಬ ಮತವನ್ನು ಅವರು ನಿರಾಕರಿಸಿದರು. ಹಳದಿಯ ಅರಿವು ಕೆಂಪು ಹಸಿರುಗಳ ಬೆರಕೆಯಿಂದ ಹುಟ್ಟುತ್ತದೆ ಎಂಬುದನ್ನು ಒಪ್ಪಲಿಲ್ಲ. ದೃಷ್ಟಿಯಲ್ಲಿ ಹಳದಿಗೆ ತನ್ನದೇ ಆದ ಹಿರಿಯ ಸ್ಥಾನವಿದೆ ಎಂದರು. ತಮ್ಮ ವಿಚಾರಗಳನ್ನೆಲ್ಲ ಕ್ರೋಡೀಕರಿಸಿ, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ಆಗ ಅವರಿಗೆ ಎಪ್ಪತ್ತೊಂಬತ್ತು ದಾಟಿತ್ತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಮಾರ್ಗದ ಸಂಶೋಧನೆ ನಡೆದಿತ್ತು. ಮನುಷ್ಯರ ಮತ್ತು ಕೋತಿಗಳ ಅಕ್ಷಿಪಟದಿಂದ ಬಿಡಿಸಿದ ಒಂದೊಂದೇ ಶಂಕುಕೋಶದ ಮೂಲಕ ಕೂದಲೆಳೆಗಿಂತ ಸಣ್ಣದಾದ ಬೆಳಕಿನ ಕಿರಣವನ್ನು ಹಾಯಿಸಿ, ಆ ಕೋಶ ಯಾವ ಬಣ್ಣವನ್ನು ಹೀರುತ್ತದೆ ಎಂದು ವಿಜ್ಞಾನಿಗಳು ಅಳೆದರು. 1964ರಲ್ಲಿ ಎರಡು ತಂಡಗಳು ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದವು. ಶಂಕುಕೋಶಗಳಲ್ಲಿ ಇರುವುದು ಮೂರು ಬಗೆಯೇ ಎಂದು ತೋರಿಬಂದಿತು. ಆ ತಂಡಗಳಲ್ಲೊಂದರಲ್ಲಿದ್ದ ಜಾರ್ಜ್ ವಾಲ್ಡ್ ಅಕ್ಷಿಪಟದಲ್ಲಿ ಎ ಜೀವಸತ್ವವಿದೆಯೆಂದು 1933ರಲ್ಲಿಯೇ ಕಂಡುಹಿಡಿದಿದ್ದವರು. ಆಹಾರದಲ್ಲಿ ಆ ಸತ್ವ ಸಾಲದೆ ಹೋದರೆ ಇರುಳುಗುರುಡು ಏಕೆ ಬರುತ್ತದೆ ಎಂಬುದು ಅವರ ಸಂಶೋಧನೆಯಿಂದ ಸ್ಪಷ್ಟವಾಯಿತು. 1967ರ ನೊಬೆಲ್ ಪಾರಿತೋಷಕವನ್ನು ಅವರು ಇನ್ನಿಬ್ಬರು ದೃಷ್ಟಿವಿಜ್ಞಾನಿಗಳೊಡನೆ ಹಂಚಿಕೊಂಡರು. 1986ರಲ್ಲಿ ಆ ಮೂರು ಬಗೆಯ ವರ್ಣದ್ರವ್ಯಗಳ ತಯಾರಿಕೆಗೆ ಕಾರಣವಾದ ಜೀನ್‌ಗಳೂ ಗುರುತಿಗೆ ಸಿಕ್ಕವು. ಶಂಕುಕೋಶಗಳಿಂದ ಹೊರಟ ಸಂಕೇತಗಳನ್ನು ಅಕ್ಷಿಪಟದ ನರಕೋಶಗಳು ಒಂದಕ್ಕೊಂದು ಹೋಲಿಸಿ ಮಿದುಳಿಗೆ ಕಳುಹಿಸುತ್ತವೆ. ಹಳದಿ ಅಷ್ಟು ಸ್ಪಷ್ಟವಾದ, ಪ್ರತ್ಯೇಕವಾದ ಬಣ್ಣವಾಗಿ ತೋರುವುದಕ್ಕೆ ಈ ಹೋಲಿಕೆಯ ಕಾರ್ಯವೂ ಕಾರಣವೆಂದು ವಿಜ್ಞಾನಿಗಳು ಬಗೆಯುತ್ತಾರೆ.

ಹೀಗೆ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಮತವೇ ಉಳಿಯಿತು. ರಾಮನ್ನರ ನಿರಾಕರಣೆ ನಿಲ್ಲಲಿಲ್ಲ. ಬಣ್ಣ ಕಾಣುವ ವಿಷಯದಲ್ಲಿ ಅವರು ಬರೆದ ಗ್ರಂಥವನ್ನು ದೃಷ್ಟಿವಿಜ್ಞಾನಿಗಳು ಸ್ವೀಕರಿಸಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇಂಥ ಸಂಗತಿಯನ್ನು ಮುಚ್ಚಿಡುವುದು ವಾಡಿಕೆ. ಆದರೆ ರಾಮನ್ನರ ವಿಷಯದಲ್ಲಿ ಮುಚ್ಚಿಡಬೇಕಾದ್ದೇನೂ ಇಲ್ಲ. ಕಡಲಿನ ನೀಲಿಯನ್ನು ಕುರಿತು ಹಿರಿಯರು ಹೇಳಿದ್ದನ್ನು ಪ್ರಶ್ನಿಸಿದಾಗ ಸತ್ಯ ಅವರ ಕಡೆಗಿತ್ತು. ಕಣ್ಣನ್ನು ಕುರಿತು ಹಿರಿಯರು ಹೇಳಿದ್ದನ್ನು ಪ್ರಶ್ನಿಸಿದಾಗ ಸತ್ಯ ಹಿರಿಯರ ಕಡೆಗಿತ್ತು. ಎರಡು ಸಲವೂ ಪ್ರಶ್ನಿಸಿದ ಮನಸ್ಸು ಒಂದೇ. ತೀರ್ಪನ್ನು ಕೊಟ್ಟದ್ದು ಪ್ರಯೋಗ. ವಿಜ್ಞಾನದ ನ್ಯಾಯಾಲಯದಲ್ಲಿ ನೊಬೆಲ್ ಪಾರಿತೋಷಕವಾಗಲಿ, ವಯಸ್ಸಾಗಲಿ, ಕೀರ್ತಿಯಾಗಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಬಿಡಿ ಕೋಶವೊಂದರ ಮೂಲಕ ಹಾಯ್ದ ಕಿರಣದ ಅಳತೆ ಅಲ್ಲಿ ಎಲ್ಲ ಬಿರುದುಗಳಿಗಿಂತ ಹೆಚ್ಚಿನದು. ಈ ನಿಯಮ ಕಠಿಣವಾದುದು ನಿಜ. ಆದರೆ ಹೆಸರಿಲ್ಲದ ತರುಣನೊಬ್ಬನ ಮಾತನ್ನು ಜಗತ್ತು ಕೇಳುವಂತೆ ಮಾಡುವುದೂ ಇದೇ ನಿಯಮ. ಕಲ್ಕತ್ತೆಯ ಗುಮಾಸ್ತರ ನಡುವೆ ದುಡಿಯುತ್ತಿದ್ದ ರಾಮನ್ನರನ್ನು ಮೇಲಕ್ಕೆತ್ತಿದ್ದೂ ಇದೇ.

ಇಳಿವಯಸ್ಸಿನಲ್ಲಿಯೂ ರಾಮನ್ನರಿಗೆ ಎಳೆಯರೆಂದರೆ ಪ್ರೀತಿ. 1968ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ವಿಜ್ಞಾನಕೇಂದ್ರವೊಂದರ ಶಂಕುಸ್ಥಾಪನೆಗೆ ಹೋದಾಗ ಅವರು ಮಕ್ಕಳಿಗಾಗಿ ಆರಿಸಿಕೊಂಡ ವಿಷಯ ಆಕಾಶ ಏಕೆ ನೀಲಿ ಎಂಬುದು. ಪ್ರತಿವರ್ಷ ಗಾಂಧೀ ಜಯಂತಿಯಂದು ತಮ್ಮ ಮಂದಿರದಲ್ಲಿ ಸಾರ್ವಜನಿಕರಿಗಾಗಿ ಉಪನ್ಯಾಸ ಮಾಡುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು.

1970ರ ಅಕ್ಟೋಬರ್ 2ರಂದು ಆ ಸಾಲಿನ ಕಡೆಯ ಉಪನ್ಯಾಸ ನಡೆಯಿತು. ಅಂದು ಅವರು ಆಯ್ದ ವಿಷಯ ಕಿವಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ನಾಳವೊಂದಿದೆ. ಹೊರಗಿನ ಸದ್ದು ಕಿವಿಯ ತಮಟೆಯನ್ನು ಅಲುಗಿಸಿದಾಗ ಆ ಅಲುಗಾಟ ಮೂರು ಪುಟ್ಟ ಮೂಳೆಗಳ ಮೂಲಕ ಸಾಗಿ ಈ ನಾಳದೊಳಗಿನ ದ್ರವವನ್ನು ಮುಟ್ಟುತ್ತದೆ. ಅಲ್ಲಿಯ ರೋಮಕೋಶಗಳು ಆ ಅಲೆಯನ್ನು ನರಸಂಕೇತವನ್ನಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುತ್ತವೆ. ಮದರಾಸಿನಲ್ಲಿ ಓದುತ್ತಿದ್ದ ಹುಡುಗನನ್ನು ಬೆರಗುಗೊಳಿಸಿದ ಹೆಲ್ಮ್‌ಹೋಲ್ಟ್ಸರ ಗ್ರಂಥದ ವಿಷಯವೂ ಇದೇ ಆಗಿತ್ತು. ಆರು ದಶಕಗಳಿಗೂ ಮಿಗಿಲಾದ ಪಯಣದ ಬಳಿಕ ರಾಮನ್ ಹೊರಟ ಎಡೆಗೇ ಬಂದು ನಿಂತಿದ್ದರು. ಕೈಯಲ್ಲಿ ಆಗಲೂ ಪ್ರಶ್ನೆ ಇತ್ತು.

ಆ ತಿಂಗಳ ಕೊನೆಯಲ್ಲಿ ಪ್ರಯೋಗಶಾಲೆಯಲ್ಲಿಯೇ ಅವರು ಕುಸಿದು ಬಿದ್ದರು. ಆಸ್ಪತ್ರೆಗೆ ಸಾಗಿಸಿದರೂ ತಮ್ಮ ಕಾಲ ಮುಗಿಯುತ್ತ ಬಂದಿದೆ ಎಂಬುದು ಅವರಿಗೆ ಅರಿವಾಗಿತ್ತು. ತಾವು ಬೆಳೆಸಿದ ಗಿಡಮರಗಳ ನಡುವೆ ಕಣ್ಣುಮುಚ್ಚಬೇಕೆಂದು ಬಯಸಿ ಮಂದಿರಕ್ಕೆ ಹಿಂತಿರುಗಿದರು. ಅಕಾಡೆಮಿಯ ಸಂಶೋಧನ ಪತ್ರಿಕೆಗಳು ನಿಂತುಹೋಗದಂತೆ ನೋಡಿಕೊಳ್ಳಬೇಕೆಂದು ಶಿಷ್ಯರಿಗೆ ಸೂಚಿಸಿದರು. 1970ರ ನವೆಂಬರ್ 21ರ ಬೆಳಗಿನಲ್ಲಿ ಅವರ ಉಸಿರು ನಿಂತಿತು. ಆಗ ಅವರಿಗೆ ಎಂಬತ್ತೆರಡು ವರ್ಷ. ಅವರ ಇಚ್ಛೆಯಂತೆ ದೇಹವನ್ನು ಮಂದಿರದ ತೋಟದಲ್ಲಿಯೇ ದಹಿಸಲಾಯಿತು. ಅಲ್ಲಿ ಕಟ್ಟಡದ ಸ್ಮಾರಕವಿಲ್ಲ. ನೆಟ್ಟದ್ದು ಒಂದು ಮರ.

1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ನಮ್ಮ ದೇಶ ಆಚರಿಸುತ್ತಿದೆ. ಅಂದು ಎಲ್ಲರೂ ನೆನೆಯುವುದು ರಾಮನ್ನರಿಗೆ ಜಯವನ್ನು ತಂದಿತ್ತ ಸಂಶೋಧನೆಯನ್ನು. ಅದು ಉಚಿತವೇ. ಆದರೆ ಜಯದ ಭರವಸೆ ಇಲ್ಲದಿದ್ದರೂ, ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ, ಬಣ್ಣದ ಶೋಧಕವನ್ನು ಹಿಡಿದು ಬಿಳಿಯ ತೆರೆಯ ಮುಂದೆ ಕುಳಿತ ವೃದ್ಧರ ಚಿತ್ರವೂ ನೆನಪಿನಲ್ಲಿಡತಕ್ಕದ್ದು. ನೋಡಿದ್ದನ್ನೆಲ್ಲ ನಂಬುವವರು ಬಹಳ ಮಂದಿ. ನೋಡುವ ಕಣ್ಣನ್ನೇ ಪರೀಕ್ಷೆಗೆ ಒಡ್ಡಿದವರು ಕೆಲವರೇ. ಆ ಕೆಲವರಲ್ಲಿ ರಾಮನ್ ಒಬ್ಬರು.